ಬೈರಾಸಿನಲ್ಲಿ ಬಂದ ನೈಲ್

ಎಂಬತ್ತರ ದಶಕದ ಮಾತು. ಗೇರುಬೀಜ ಕೊಳ್ಳಲು ಪೂರ್ವ ಆಫ್ರಿಕಾಕ್ಕೆ ಹೊರಟಾಗ, ಉದ್ಯಾವರದ ಮನೆಯಲ್ಲಿ ಅಮ್ಮ ಖಾಲಿ ಬಾಟಲಿ ಕೊಟ್ಟು, "ನೈಲ್ ನದಿಯ ತೀರ್ಥ ತಾ ಮಗಾ" ಎಂದರು. ನನಗೆ ತೀರ್ಥದಲ್ಲಿ ಅಷ್ಟು ನಂಬಿಕೆಯಿಲ್ಲ. ಆದರೆ ಆರ್ಡರ್ ಆರ್ಡರೇ ಅಲ್ವಾ?

ವ್ಯಾಪಾರ ಮುಗಿಸಿ ನೈಲ್ ಹುಡುಕಿಕೊಂಡು ಹೋದೆ. ಉಗಾಂಡದ ಅಭಯಾರಣ್ಯದಲ್ಲಿ ಆ ದೊಡ್ಡ ನದಿ ಕಿರಿದಾದ ಬಂಡೆಸಂದಿಯಲ್ಲಿ ನುಗ್ಗಿ ಧುಮುಕುತ್ತಿತ್ತು. ನೀರಿಗಿಳಿಯಲು ಹೊರಟರೆ ಕಾವಲುಗಾರ ತಡೆದ.

"ಕೆಳಗೆ ಮೊಸಳೆಗಳಿವೆ. ಬಾಟಲಿ ಯಾರಿಗೆ?"

"ಅಮ್ಮನಿಗೆ."

ಅವನು ನಕ್ಕು, ನನ್ನ ಹೆಗಲ ಮೇಲಿದ್ದ ಮೈ ಒರೆಸುವ ಬೈರಾಸು ತೆಗೆದು ತುಂತುರಿಗೆ ಹಿಡಿದ. ಇನ್ನೊಂದು ತುದಿ ನಾನು ಹಿಡಿದೆ. ನಮ್ಮಿಬ್ಬರ ನಡುವೆಯೇ ಕಾಮನಬಿಲ್ಲು ಇಳಿಯಿತು. ಎಷ್ಟು ಹೊತ್ತು ನಿಂತೆವೋ ತಿಳಿಯಲಿಲ್ಲ. ಆಮೇಲೆ ಬೈರಾಸು ಹಿಂಡಿ ಬಾಟಲಿ ತುಂಬಿಸಿದೆವು.

ಊರಿಗೆ ಬಂದು ಬಾಟಲಿ ಕೊಟ್ಟಾಗ ಅಮ್ಮ ಅಂಗೈಯಲ್ಲಿ ತೀರ್ಥ ತೆಗೆದುಕೊಂಡು ಮುಖ ಕಿವುಚಿದರು. "ಎಂತ ಮಗಾ, ಸಾಬೂನಿನ ವಾಸನೆ ಉಂಟು?"

"ಸರಕು ಅಸಲಿ ಅಮ್ಮ. ಗೇರುಬೀಜಕ್ಕೆ ಗೋಣಿಯ ವಾಸನೆ ಹಿಡಿಯುವ ಹಾಗೆ, ಇದಕ್ಕೆ ದಾರಿಯಲ್ಲಿ ಬೈರಾಸಿನದ್ದು ಹಿಡಿದದ್ದು."