ನಾನಾಗಿ ಸೇರಿಸಿದ ಮಾತು

ಹುನಗುಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಕಟಿಂಗ್ ಅಂಗಡಿ ಇದೆ. ಎರಡು ಕುರ್ಚಿ, ಎರಡು ಕನ್ನಡಿ, ಕಾಯುವವರಿಗೆ ಕೂರಲು ಒಂದು ಬಾಕು, ಬಾಕಿನ ಮೇಲೆ ಪೇಪರು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಪಕ್ಕ ನಿಂತವನು. ಕತ್ತರಿ ಹಿಡಿಯುವುದಕ್ಕಿಂತ ಮೊದಲು ಅಪ್ಪ ಕಲಿಸಿದ್ದು, ಕುರ್ಚಿಯಲ್ಲಿ ಕೂತವರ ಜೊತೆ ವಾದ ಮಾಡಬಾರದು ಎಂಬುದನ್ನು. ಗಂಟಲ ಮೇಲೆ ಕತ್ತಿ ಇಟ್ಟವನು ಎದುರು ಮಾತಾಡಿದರೆ ಗಿರಾಕಿಯ ಜೀವ ಹಾರುತ್ತದೆ, ಆಮೇಲೆ ಅವನು ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ ಬಂದವರು ಸರ್ಕಾರ ಕೆಟ್ಟದ್ದು ಎಂದರೆ ಹೌದ್ರಿ, ಮಧ್ಯಾಹ್ನ ಬಂದವರು ಒಳ್ಳೆಯದು ಎಂದರೂ ಹೌದ್ರಿ.

ಇರಾಕಿನಲ್ಲಿ ಅಮೆರಿಕದ ಸೈನ್ಯ ಕೂತಿದ್ದ ವರ್ಷಗಳಲ್ಲಿ ಆ ಯುದ್ಧ ನಮ್ಮ ಅಂಗಡಿಯಲ್ಲೂ ನಡೆಯುತ್ತಿತ್ತು. ನಡೆಸುವವರು ಇಬ್ಬರು. ಒಬ್ಬರು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಮಾಸ್ತರರಾಗಿ ನಿವೃತ್ತರಾಗಿ ನಮ್ಮೂರಿಗೆ ಬಂದು ಮನೆ ಕಟ್ಟಿಸಿದವರು. ಹೊರಗಿನ ಸೈನ್ಯದ ಮೇಲೆ ಅಲ್ಲಿಯವರು ಮಾಡುವ ದಾಳಿ ನೂರಕ್ಕೆ ನೂರು ನ್ಯಾಯ ಎನ್ನುವುದು ಅವರ ಪಕ್ಷ. ಮನೆಗೆ ನುಗ್ಗಿದವನನ್ನು ಹೊರಗೆ ಹಾಕಲು ಯಾರ ಪರವಾನಗಿ ಬೇಕು ಎಂದು ಕೇಳುತ್ತಿದ್ದರು. ಇದೇ ಮಾಸ್ತರರ ಪಕ್ಕದ ಮನೆಯವನು ಕಂಪೌಂಡಿನ ಗೋಡೆಯನ್ನು ಒಂದು ಗೇಣು ಇವರ ಜಾಗದೊಳಗೆ ತಂದು ಕಟ್ಟಿದ. ಇವರು ಹೋಗಿ ಕೇಳಲಿಲ್ಲ, ಹೆಂಡತಿಯನ್ನು ಕಳಿಸಿದರು.

ಇನ್ನೊಬ್ಬರು ಇಳಕಲ್ಲಿನ ಸೀರೆ ಸಾವ್ಕಾರರು. ವಾರಕ್ಕೊಮ್ಮೆ ಹುನಗುಂದಕ್ಕೆ ಬಂದಾಗ ನಮ್ಮಲ್ಲೇ ದಾಡಿ. ಅವರದು ದಯೆಯ ಪಕ್ಷ. ಸೈನಿಕ ತಾನಾಗಿ ಬಂದವನಲ್ಲ, ಕಳಿಸಿದವರು ಬೇರೆ, ಸತ್ತವನ ತಾಯಿಯ ಹೊಟ್ಟೆ ಎಲ್ಲಿದ್ದರೂ ಉರಿಯುತ್ತದೆ, ಬಾಂಬು ಇಡುವವರು ಸಂತೆಯಲ್ಲಿ ನಿಂತ ತಮ್ಮವರನ್ನೂ ಕೊಲ್ಲುತ್ತಾರೆ ಎನ್ನುತ್ತಿದ್ದರು. ಹೇಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸೀರೆ ನೇಯ್ದು ತಂದ ಹೆಣ್ಣುಮಕ್ಕಳನ್ನು ಮೂರು ತಾಸು ಪಡಸಾಲೆಯ ಹೊರಗೆ ಕೂಡಿಸಿ, ಆಮೇಲೆ ಸೆರಗಿನಲ್ಲಿ ತಪ್ಪು ಹುಡುಕುವಾಗ ಮಾತ್ರ ಆ ನೀರು ಬತ್ತಿರುತ್ತಿತ್ತು.

ಇಬ್ಬರೂ ಹೇಳಿದ್ದರಲ್ಲಿ ಖರೆ ಇತ್ತು. ನನಗೆ ಹೇಸಿಗೆ ಬರುವುದು ಅದಕ್ಕಲ್ಲ. ಯಾರು ಸಾಯಬೇಕು, ಯಾರು ಬದುಕಬೇಕು ಎಂದು ಹಂಚುತ್ತಿದ್ದವರು ಮೂಗಿನ ಕೆಳಗಿನ ಮೀಸೆ ಒಂದೆಳೆ ಹೆಚ್ಚು ಹೋದರೆ ದಿನವೆಲ್ಲ ಗೊಣಗುತ್ತಿದ್ದರು.

ಅವರನ್ನು ಬಯ್ಯುವುದು ಸುಲಭ. ನಾನು ಅವರಿಗಿಂತ ಕೀಳಾಗಿದ್ದೆ. ಮಾಸ್ತರರು ಬಾಕಿನ ಮೇಲೆ ಕೂತವರಿಗೆ ನನ್ನನ್ನು ತೋರಿಸಿ, ಇವನು ಕಲಿತದ್ದು ಐದನೇ ಇಯತ್ತೆ, ಆದರೆ ಇಂಥ ತಲೆ ಬಿ.ಎ. ಮಾಡಿದವರಿಗೂ ಇಲ್ಲ ಎನ್ನುತ್ತಿದ್ದರು. ಆ ಮಾತಿಗೆ ನಾನು ನಾಯಿಯ ಹಾಗೆ ಬಾಲ ಆಡಿಸುತ್ತಿದ್ದೆ. ಅವರು ಬರುವ ದಿನ ಪೇಪರನ್ನು ಅಕ್ಷರ ಕೂಡಿಸಿ ಓದಿ ತಯಾರಾಗಿರುತ್ತಿದ್ದೆ.

ಇದೆಲ್ಲ ನಡೆಯುವಾಗ ನನ್ನ ತಮ್ಮ ಅಮೆರಿಕದ ಸೈನಿಕರ ತಲೆ ಕ್ಷೌರ ಮಾಡುತ್ತಿದ್ದ.

ಅವನು ಹೋದದ್ದು ಕುವೈತಿನ ಸಲೂನಿಗೆ ಎಂದು. ಅಲ್ಲಿ ಇಳಿದ ಮೇಲೆ ಇನ್ನೊಂದು ಬಸ್ಸಿಗೆ ಹತ್ತಿಸಿ, ಗಡಿ ದಾಟಿಸಿ, ಇರಾಕಿನಲ್ಲಿದ್ದ ಸೈನ್ಯದ ಶಿಬಿರಕ್ಕೆ ಸೇರಿಸಿದರು. ಫೋನಿನಲ್ಲಿ ನನಗೊಬ್ಬನಿಗೇ ಹೇಳಿ, ಅವ್ವನಿಗೆ ತಿಳಿಸಬೇಡ ಎಂದು ಆಣೆ ಹಾಕಿಸಿದ. ಮೊದಲು ನಾನು ಬಾಯಿ ಮುಚ್ಚಿಕೊಂಡದ್ದು ಆ ಆಣೆಗಾಗಿ. ಆಮೇಲೆ ಮಾಸ್ತರರ ಮೆಚ್ಚುಗೆಗಾಗಿ. ಕೇಳಿದವರಿಗೆಲ್ಲ, ಕುವೈತಿನಲ್ಲಿ ದೊಡ್ಡ ಹೋಟೆಲಿನ ಸಲೂನು, ಗಾಜಿನ ಬಾಗಿಲು ಎಂದು ಕತೆ ಕಟ್ಟಿದೆ.

ಎರಡು ವರ್ಷಕ್ಕೆ ಅವನು ರಜೆಗೆ ಬಂದ. ಅವ್ವನನ್ನು ಕರೆದುಕೊಂಡು ಕೂಡಲಸಂಗಮಕ್ಕೆ ಹೋದೆವು. ಅವ್ವ ಗುಡಿಯೊಳಗೆ ಕೂತಾಗ ನಾವಿಬ್ಬರು ಹೊಳೆಯ ಮೆಟ್ಟಿಲ ಮೇಲೆ ಕೂತೆವು. ಆಗ ಅವನು ತನ್ನ ಶಿಬಿರದಲ್ಲಿ ಕಸ ಗುಡಿಸಲು ಬರುತ್ತಿದ್ದ ಒಬ್ಬ ಮುದುಕನ ಬಗ್ಗೆ ಹೇಳಿದ. ಆ ದೇಶದವನೇ. ಹೊರಗಿನವರ ಚಾಕರಿ ಮಾಡುವುದು ಊರಿಗೆ ತಿಳಿಯಬಾರದೆಂದು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದು ಹೋಗುತ್ತಿದ್ದನಂತೆ. ತಮ್ಮ ಅವನಿಗೆ ಪುಕ್ಕಟೆ ದಾಡಿ ಮಾಡಿ ಕೊಡುತ್ತಿದ್ದ. ಒಂದು ವಾರ ಅವನು ಬರಲಿಲ್ಲ. ದಾರಿಯಲ್ಲಿ ಅವನ ಊರಿನವರೇ ಕೊಂದಿದ್ದರು.

"ದಾಳಿ ಮಾಡೋರದ ಎಲ್ಲಾ ತಪ್ಪು ಅಂತ ನಾ ಅನ್ನಂಗಿಲ್ಲ ಅಣ್ಣಾ," ಎಂದ. "ನಮ್ಮೂರಾಗ ಯಾರರೆ ಹಂಗ ಬಂದು ಕುಂತ್ರ ನನಗೂ ಸಿಟ್ಟ ಬರ್ತೈತಿ. ಆದ್ರ ಬೀಳೂ ಗುಂಡಿಗೆ ನಾ ಯಾರು ಅಂತ ಹೆಂಗ ಹೇಳ್ಲಿ?"

ಆಮೇಲೆ ಕೇಳಿದ: "ಎರಡನೇ ಕುರ್ಚಿ ನನಗ ಕೊಡು. ನೀ ಇರು ಅಂದ್ರ ನಾ ತಿರುಗಿ ಹೋಗಂಗಿಲ್ಲ."

ಅಪ್ಪ ತೀರಿಕೊಂಡ ಮೇಲೆ ಕುರ್ಚಿ ಖಾಲಿಯೇ ಇತ್ತು. ಅದು ಅಪ್ಪನ ಕುರ್ಚಿ, ಅವನಿಗೂ ಸೇರಿದ್ದು, ಕೇಳುವ ಅಗತ್ಯವೇ ಇರಲಿಲ್ಲ. ಆದರೆ ಅವನು ಊರಲ್ಲಿ ನಿಂತರೆ ಯಾಕೆ ಬಿಟ್ಟು ಬಂದೆ ಎಂದು ಕೇಳುತ್ತಾರೆ, ಅವನು ಸುಳ್ಳು ಹೇಳುವವನಲ್ಲ, ಮಾಸ್ತರರ ಮುಂದೆ ನನ್ನ ಕತೆ ಬಿಚ್ಚುತ್ತದೆ. ನನ್ನ ತಲೆಗೆ ಬಂದದ್ದು ಇಷ್ಟು. ನೋಡೋಣ ಎಂದೆ. ಅವನು ನೀರು ನೋಡುತ್ತ ಕೂತ.

ನಾಲ್ಕು ದಿನ ಬಿಟ್ಟು, ಸುಮ್ಮನೆ ಕೂಡಲಾಗದೆ, ಅವನು ಅಂಗಡಿಗೆ ಬಂದು ಎರಡನೇ ಕುರ್ಚಿಯ ಹಿಂದೆ ನಿಂತ. ಅವತ್ತು ಸಾವ್ಕಾರರೂ ಬಂದರು, ಮಾಸ್ತರರೂ ಬಂದರು. ಸಾವ್ಕಾರರು ತಮ್ಮನ ಕೈಗೆ ಸಿಕ್ಕರು, ಮಾಸ್ತರರು ನನ್ನ ಕೈಗೆ. ಇರಾಕಿನಲ್ಲಿ ಸೈನ್ಯದ ಊಟದ ಡೇರೆಯ ಮೇಲೆ ರಾಕೆಟ್ ಬಿದ್ದು, ಅಡುಗೆಯವರೂ ಸತ್ತಿದ್ದಾರೆಂದು ಪೇಪರಿನಲ್ಲಿತ್ತು. ಅಡುಗೆಯವರು ಏನು ಮಾಡಿದ್ದರು ಎಂದು ಸಾವ್ಕಾರರು ಲೊಚಗುಟ್ಟಿದರು. ಮಾಸ್ತರರು ನೊರೆ ಹಚ್ಚಿದ ಮುಖ ಎತ್ತಿ, ನುಗ್ಗಿದವನಿಗೆ ಅನ್ನ ಹಾಕುವವನು, ಬಟ್ಟೆ ಒಗೆಯುವವನು, ದಾಡಿ ಮಾಡುವವನು ಎಲ್ಲರೂ ಅವನ ಸೈನ್ಯವೇ, ಕೈಯಲ್ಲಿ ಬಂದೂಕು ಇರದಿದ್ದರೆ ಏನಾಯಿತು ಎಂದರು. ದಾಡಿ ಎಂದದ್ದು ಬೇಕೆಂದಲ್ಲ. ಕೂತದ್ದು ದಾಡಿಗೆ, ಬಾಯಿಗೆ ಅದೇ ಬಂತು.

ಆಮೇಲೆ ಕನ್ನಡಿಯೊಳಗೆ ನನ್ನನ್ನು ನೋಡಿದರು. "ಏನಪಾ, ಖರೆ ಹೌದಿಲ್ಲೋ?"

ಹೌದ್ರಿ ಎಂದು ಬಿಟ್ಟಿದ್ದರೆ ಅದು ಕಸುಬಿನ ಮಾತಾಗುತ್ತಿತ್ತು. ತಮ್ಮನಿಗೂ ಆ ಕಸುಬು ಗೊತ್ತು, ಮನ್ನಿಸುತ್ತಿದ್ದ. ಆದರೆ ಬಾಕಿನ ಮೇಲೆ ಇನ್ನೂ ಇಬ್ಬರು ಕೂತಿದ್ದರು, ಮಾಸ್ತರರು ನನ್ನ ತಲೆಯನ್ನು ಅವರಿಗೆ ತೋರಿಸಲು ಕಾದಿದ್ದರು.

"ಹೌದ್ರಿ ಸರ್," ಎಂದೆ. "ಅಂಥವ್ರು ಸತ್ರ ಅಳೂದರೆ ಯಾಕ್ರಿ?"

ಆ ಎರಡನೇ ಮಾತು ಆಡು ಎಂದು ಯಾರೂ ಕೇಳಿರಲಿಲ್ಲ. ಮಾಸ್ತರರು ನೊರೆಯೊಳಗೇ ನಕ್ಕರು. ತಮ್ಮನ ಕೈ ನಿಲ್ಲಲಿಲ್ಲ. ಸಾವ್ಕಾರರ ಗದ್ದದ ಕೆಳಗಿನ ಸುತ್ತು ಮುಗಿಸಿ, ಪಟಕದ ಕಲ್ಲು ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, "ಚಲೋ ಆತೇನ್ರಿ ಸಾವ್ಕಾರ?" ಎಂದು ಕೇಳಿದ. ನನ್ನ ಕಡೆ ನೋಡಲಿಲ್ಲ. ರಜೆ ಇನ್ನೂ ಹನ್ನೆರಡು ದಿನ ಇತ್ತು. ಮೂರನೇ ದಿನ ಹೊರಟುಹೋದ. ಅವ್ವ ಯಾಕೆ ಎಂದು ಕೇಳಿದ್ದಕ್ಕೆ ಕೆಲಸ ಕರೆದಿದೆ ಎಂದ.

ಎಂಟು ತಿಂಗಳ ನಂತರ ಅವನಿದ್ದ ಕಡೆ ಗುಂಡು ಬಿತ್ತು. ಜೀವ ಉಳಿಯಿತು. ಬಲಗೈಯ ಹೆಬ್ಬೆರಳು, ಅದರ ಪಕ್ಕದ ಬೆರಳು ಹೋದವು. ಕತ್ತರಿ ಆಡುವುದು ಆ ಎರಡು ಬೆರಳುಗಳಿಂದ.

ಆಗ ಮುಚ್ಚಿಡಲು ಏನೂ ಉಳಿಯಲಿಲ್ಲ. ಮಾಸ್ತರರಿಗೆ ನಾನೇ ಹೇಳಿದೆ, ಅವರು ಅದೇ ಕುರ್ಚಿಯಲ್ಲಿ ಕೂತಿದ್ದಾಗ. ಒಳಗೊಳಗೆ ಆಸೆ ಇತ್ತು, ಈ ಮನುಷ್ಯ ತನ್ನ ಮಾತಿಗೆ ನಿಲ್ಲಲಿ, ನಿನ್ನ ತಮ್ಮನೂ ಅವರ ಸೈನ್ಯವೇ ಎನ್ನಲಿ, ಹಾಗಾದರೂ ನಾನು ಮರುಳಾದದ್ದು ಒಂದು ವಿಚಾರಕ್ಕೆ ಎಂದಾಗುತ್ತದೆ. ಅವರ ಮುಖ ಸಣ್ಣದಾಯಿತು.

"ಮೊದ್ಲ ಹೇಳಬಾರದಿತ್ತೇನೋ ಹುಚ್ಚಾ. ನಿನ್ನ ತಮ್ಮ ಅಂತ ಗೊತ್ತಿದ್ರ ನಾ ಹಂಗ ಅಂತಿದ್ನೇನು?"

ಅಷ್ಟೇ. ಅಷ್ಟು ವರ್ಷ ಮರಳುಗಾಡಿನಲ್ಲಿ ನಡೆಸಿದ ಯುದ್ಧ ಒಬ್ಬ ಗುರುತಿನವನ ಎರಡು ಬೆರಳಿಗೆ ಮುಗಿಯಿತು. ಅವರ ಮೇಲೆ ನನಗೆ ಉಳಿದದ್ದು ತಿರಸ್ಕಾರ ಮಾತ್ರ. ಆದರೂ ಅವರ ಬಾಯಿಯಲ್ಲಿ ಬಂದ ಆ ಒಂದು ನೆಪ ನನಗಿಲ್ಲ. ಅವರಿಗೆ ಗೊತ್ತಿರಲಿಲ್ಲ.

ತಮ್ಮ ಹುನಗುಂದಕ್ಕೆ ತಿರುಗಿ ಬರಲಿಲ್ಲ. ಹೆಂಡತಿಯ ಊರು ಬಾದಾಮಿಯಲ್ಲಿ ಸಣ್ಣ ಅಂಗಡಿ ಇಟ್ಟು, ಗುಹೆ ನೋಡಲು ಬರುವವರಿಗೆ ಎಳನೀರು, ನೀರಿನ ಬಾಟಲಿ ಮಾರುತ್ತಾನೆ. ಎಡಗೈಯಿಂದ ಎಳನೀರು ಕೆತ್ತುವುದನ್ನು ಕಲಿತಿದ್ದಾನೆ. ಅವ್ವ ತೀರಿಕೊಂಡಾಗ ಬಂದು, ಮಣ್ಣು ಮಾಡಿ, ಸಂಜೆಯ ಬಸ್ಸಿಗೆ ಹೋದ. ಹದಿನೈದು ವರ್ಷದ ಮೇಲೆ, ಹೋದ ತಿಂಗಳು, ನಾನು ಅಲ್ಲಿಗೆ ಹೋದೆ. ಅವತ್ತು ಅಂದದ್ದು ತಪ್ಪು, ಮಾಸ್ತರರ ಮೆಚ್ಚುಗೆಗಾಗಿ ಅಂದೆ, ನೀನು ಇರುತ್ತೇನೆ ಎಂದಾಗ ಇರು ಎನ್ನಲಿಲ್ಲ, ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ನಡುವೆ ಒಬ್ಬ ಗಿರಾಕಿ ಬಂದರೆ ಎಳನೀರು ಕೆತ್ತಿ ಕೊಟ್ಟು ಬಂದು ಮತ್ತೆ ಕೂತ.

"ಮಾಸ್ತರರ ಮಾತ ನನ್ನ ಮನಸಿಗೇನೂ ಹತ್ತಿಲ್ಲ ಅಣ್ಣಾ," ಎಂದ. "ಅವರು ನನಗ ಯಾರು?"

ಅವನ ಹೆಂಡತಿ ಒಳಗಿನಿಂದ ಬಂದು, ರೊಟ್ಟಿ ಆಗ್ಯಾವ, ಉಂಡು ಹೋಗ್ರಿ ಭಾವಾರ ಎಂದಳು. ನಾನು ತಮ್ಮನ ಮುಖ ನೋಡಿದೆ. ಅವನೂ ಉಣ್ಣು ಅಂದಿದ್ದರೆ ಉಣ್ಣುವವನಿದ್ದೆ.

"ಅವಂಗ ಬಸ್ಸೈತಿ," ಎಂದು ಅವನು ಹೆಂಡತಿಗೆ ಹೇಳಿದ.