ಥೈರಾಯ್ಡ್ ಕಲಿಸಿದ ಡಾಕ್ಟರಮ್ಮ

ತೊಂಬತ್ತರ ದಶಕದ ಕೊನೆಯಲ್ಲಿ, ದಾವಣಗೆರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಾಗಿದ್ದ ನಮಗೆ ಥೈರಾಯ್ಡ್ ಪಾಠ ಹೇಳಿದ ಡಾಕ್ಟರಮ್ಮ ರೋಗಿಯ ಕೊರಳು ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. "ಒಂದು ಗುಟುಕು ನೀರು ನುಂಗ್ರಿ, ಹೆದರಬ್ಯಾಡ್ರಿ" ಎನ್ನುವುದು ಅವರ ಮಾತು.

ಒಮ್ಮೆ ಹರಿಹರದ ಕಡೆಯ ಅತ್ತೆ ಸೊಸೆ, ಕೊರಳು ಊದಿದ ಮಗುವನ್ನು ಕರೆತಂದರು. "ಬಸುರಿದ್ದಾಗ ಇವಳು ನೆಟ್ಟಗೆ ಉಣ್ಲಿಲ್ರಿ, ಅದಕ್ಕೇ ಹಿಂಗಾಗೈತೆ" ಎಂದರು ಅತ್ತೆ. ಸೊಸೆ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಅತ್ತೆಯ ಪಕ್ಕದಲ್ಲೇ ಕೂತರು. "ಉಪ್ಪಿನಾಗಿರೋ ಅಯೋಡಿನ್ ಥೈರಾಯ್ಡ್ ಜೀವಕೋಶದೊಳಗೆ ಎಳಕೊಳ್ಳಾಕೆ ಒಂದು ಪ್ರೋಟೀನ್ ಐತ್ರಿ. ಈ ಮಗೂಗೆ ಹುಟ್ಟಿದಾಗಿಂದ ಅದು ಕೆಲಸ ಮಾಡ್ತಿಲ್ಲ, ಅದಕ್ಕೇ ಕೊರಳು ಊದೈತೆ. ತಾಯಿ ಉಂಡಿದ್ದಕ್ಕೂ ಬಿಟ್ಟಿದ್ದಕ್ಕೂ ಸಂಬಂಧ ಇಲ್ಲ. ದಿನಾ ಮಾತ್ರೆ ಕೊಟ್ರೆ ಚೆನ್ನಾಗಿ ಬೆಳೀತೈತೆ."

ಅತ್ತೆ ಸೊಸೆಯ ಕಡೆ ನೋಡಿದರು. ಡಾಕ್ಟರಮ್ಮ ಅವಸರ ಮಾಡಲಿಲ್ಲ, ಕೂತೇ ಇದ್ದರು. ಕೊನೆಗೆ ಅತ್ತೆ ಎದ್ದು ಸೊಸೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡರು. "ನಡಿಯವ್ವ, ಮಾತ್ರೆ ತಗೊಂಡು ಹೋಗಾಣ" ಎಂದರು.