ಕೀಬೋರ್ಡಿನಿಂದ ಕೈ ತೆಗೆದಾಗ

ನಾನು ಮಾಡುವ ಕೆಲಸ ಏನೆಂದು ನಮ್ಮತ್ತೆಗೆ ತಿಳಿಸಿ ಹೇಳಲು ಬಹಳ ಕಷ್ಟಪಟ್ಟಿದ್ದೇನೆ. ಧಾರವಾಡದಿಂದ ವಿಲಾಯತಿಗೆ ಬಂದು ಕೆಂಟನ್ನಿನ ನಮ್ಮ ಮನೆಯಲ್ಲೇ ಇರುವ ಅವರಿಗೆ ಮಗನ ಕೆಲಸ ಅರ್ಥವಾಗುತ್ತದೆ. ಮಗ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಸೊಸೆಯದೇ ಒಗಟು.

“ಮಿಲಿಟ್ರಿ ಕೆಲಸ ಅಂತಿ, ಕೈಯಾಗ ಬಂದೂಕ ಇಲ್ಲ. ಕಂಪ್ಯೂಟರ್ ಕೆಲಸ ಅಂತಿ, ಒಂದಿನಾ ಮನಿಗೆ ತರಂಗಿಲ್ಲ. ಫೋನ್ ಮಾಡಿದ್ರ ಎತ್ತಂಗಿಲ್ಲ. ಹಂಗಾರ ಅಲ್ಲಿ ಕುಂತು ಏನ್ ಮಾಡ್ತೀ?”

“ಕಳ್ಳರು ಒಳಗ ಬರದಂಗ ಕಾಯ್ತೀನ್ರಿ.”

“ಹಂಗನ್ನು ಮತ್ತ. ವಾಚ್‌ಮನ್ ಕೆಲಸ.”

ಸೋಫಾದ ಮೇಲಿದ್ದ ಮಗಳು ಬಿದ್ದು ಬಿದ್ದು ನಕ್ಕಳು. “ಅಜ್ಜಿ ಈಸ್ ನಾಟ್ ರಾಂಗ್, ಅಮ್ಮಾ,” ಎಂದಳು. ತಪ್ಪೇನೂ ಇರಲಿಲ್ಲ.

ಅವಳು ಸಣ್ಣವಳಿದ್ದಾಗ ನಾನು ಕೆಲಸ ಬಿಟ್ಟಿದ್ದೆ. ಅವಳು ಶಾಲೆಗೆ ಹೋಗತೊಡಗಿದ ಮೇಲೆ ಅಕ್ಸ್‌ಬ್ರಿಡ್ಜ್‌ನಲ್ಲಿ ಮತ್ತೆ ವಿದ್ಯಾರ್ಥಿನಿಯಾದೆ. ಓದು ಮುಗಿಸಿ ಕೆಲವು ವರ್ಷ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಸೈಬರ್ ಭದ್ರತೆಯ ಕೆಲಸ ಮಾಡಿದೆ. ಆಮೇಲೆ ಇದೇ ಕೆಲಸದಲ್ಲಿ ಇಲ್ಲಿನ ಸೇನೆಗೆ ನೆರವಾಗುವ ಒಂದು ಕಂಪನಿಗೆ ಸೇರಿದೆ. ಅದರ ಕಚೇರಿ ಮತ್ತೆ ಅಕ್ಸ್‌ಬ್ರಿಡ್ಜ್‌ನಲ್ಲೇ. ನಾರ್ತ್‌ವಿಕ್ ಪಾರ್ಕಿನಲ್ಲಿ ಟ್ಯೂಬ್ ರೈಲು ಹತ್ತಿ, ಹ್ಯಾರೋದಲ್ಲಿ ಬದಲಿಸಿ, ಫೋನನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದರೆ ಸಂಜೆಯವರೆಗೆ ಹೊರಜಗತ್ತು ಇಲ್ಲ.

ಮಿತ್ರರಾಷ್ಟ್ರಗಳ ಸೇನೆಗಳು ಕೂಡಿ ಆಗಾಗ ಸಮರಾಭ್ಯಾಸ ನಡೆಸುತ್ತವೆ. ಟ್ಯಾಂಕು, ಹಡಗುಗಳ ಅಭ್ಯಾಸ ಟೀವಿಯಲ್ಲಿ ಬರುತ್ತದೆ, ನಮ್ಮದು ಬರುವುದಿಲ್ಲ. ನಮ್ಮ ಅಭ್ಯಾಸದಲ್ಲಿ ಒಂದು ಕಾಲ್ಪನಿಕ ದ್ವೀಪದೇಶ ಇರುತ್ತದೆ. ಅದಕ್ಕೊಂದು ಬಂದರು, ವಿದ್ಯುತ್ ಜಾಲ, ಆಸ್ಪತ್ರೆ, ಸೇನಾ ಕಚೇರಿ. ಎಲ್ಲವೂ ಕಂಪ್ಯೂಟರಿನೊಳಗೇ. ಮಿತ್ರರಲ್ಲೇ ಪಳಗಿದ ಕೆಲವರು ಶತ್ರುಗಳ ವೇಷ ಹಾಕಿ ದೂರದ ಊರಿನಿಂದ ಅದರೊಳಗೆ ನುಗ್ಗುತ್ತಾರೆ, ನಾವು ಕಾಯುತ್ತೇವೆ. ದ್ವೀಪದ ದೀಪಗಳು ಉರಿಯುತ್ತಿದ್ದಷ್ಟು ಹೊತ್ತು ನಮಗೆ ಅಂಕ, ಆರಿದರೆ ಅವರಿಗೆ.

ಹಿಂದಿನ ಸಲ ನಾವು ಚೆನ್ನಾಗಿ ಪೆಟ್ಟು ತಿಂದಿದ್ದೆವು. ಬಂದರು ಹೋಗಿತ್ತು, ಆಸ್ಪತ್ರೆಯೂ ಕತ್ತಲಾಗಿತ್ತು. ಸುಳ್ಳು ಆಸ್ಪತ್ರೆ ಎಂದು ಗೊತ್ತಿದ್ದರೂ ಆ ಸಂಜೆ ನನಗೆ ಊಟ ಸೇರಿರಲಿಲ್ಲ. ನನ್ನ ಗಂಡ ಆಗ ನಿಜವಾದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದರು.

ಈ ಸಲ ನಿಯಮ ಬದಲಾಯಿತು. ಒಂದೊಂದು ದೇಶ ಒಂಟಿಯಾಗಿ ಕಾಯುವ ಬದಲು ಎರಡೆರಡು ದೇಶದ ತಂಡಗಳು ಸೇರಿ ಕಾಯಬೇಕು. ನಮಗೆ ಜೋಡಿಯಾಗಿ ಬಾಲ್ಟಿಕ್ ಸಮುದ್ರದ ದಂಡೆಯ ಒಂದು ಸಣ್ಣ ದೇಶದ ತಂಡ ಬಂತು. ಹೆಸರು ಹೇಳುವ ಹಾಗಿಲ್ಲ. ಅವರ ಮುಂದಾಳು ಒಬ್ಬ ಮಹಿಳಾ ಮೇಜರ್. ನನ್ನದೇ ವಯಸ್ಸು, ಕತ್ತರಿಸಿದ ಬೆಳ್ಳಿಗೂದಲು, ಮಾತು ಕಡಿಮೆ. ನಮ್ಮ ಮುಖ್ಯಸ್ಥರು ವಾಯುಪಡೆಯ ಅಧಿಕಾರಿ, ಉದ್ದನೆಯ ಮನುಷ್ಯ, ನಿಯಮ ಎಂದರೆ ನಿಯಮ. ಇಬ್ಬರೂ ಕೈ ಕುಲುಕಿದರು. ಆಮೇಲೆ ನಮ್ಮ ಕಚೇರಿಯ ದೊಡ್ಡ ಹಾಲಿನಲ್ಲಿ ಅವರ ತಂಡ ಕಿಟಕಿಯ ಬದಿಗೆ ಕೂತಿತು, ನಮ್ಮದು ಗೋಡೆಯ ಬದಿಗೆ. ನಡುವಿನ ದಾರಿ ಗಡಿಯ ಹಾಗಿತ್ತು.

ಮೊದಲ ದಿನ ಬೆಳಿಗ್ಗೆಯೇ ಬಂದರಿನ ಕ್ರೇನುಗಳು ನಿಂತವು. ನಾವು ಸರಿಪಡಿಸಿದೆವು, ಮತ್ತೆ ನಿಂತವು. ಶತ್ರು ಎಲ್ಲೋ ಒಳಗೇ ಇದ್ದಾನೆ ಎನ್ನುವುದು ಖಚಿತವಾಗಿತ್ತು. ನಾವು ಹೊಸ ಬೀಗ ಹಾಕುವಷ್ಟರಲ್ಲಿ ಅದರ ಕೀಲಿ ಅವನ ಕೈಸೇರುತ್ತಿತ್ತು. ಎಲ್ಲಿದ್ದಾನೆ ಎಂಬುದೇ ತಿಳಿಯದು.

ಅದೇ ಹೊತ್ತಿನಲ್ಲಿ ನನ್ನ ಗಮನ ಬೇರೊಂದು ಕಡೆ ಹೋಯಿತು. ಆಸ್ಪತ್ರೆಯ ವಿದ್ಯುತ್ ವಿಭಾಗದಲ್ಲಿ ಯಾರೋ ತುಂಬ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದರು. ಸಣ್ಣ ಸಣ್ಣ ದೋಷಗಳನ್ನು ನಾವು ಹೇಳುವ ಮೊದಲೇ ಸರಿಮಾಡುತ್ತಿದ್ದರು. ನಮ್ಮವರು ಅಲ್ಲ, ಹಾಗಾಗಿ ಮೇಜರ್ ಕಡೆಯವರೇ ಇರಬೇಕು. ಎಂಥ ಕೈಚಳಕ ಎಂದು ನಾನು ಮೆಚ್ಚಿಕೊಳ್ಳುತ್ತಲೇ ಇದ್ದೆ. ಯಾರೆಂದು ಕೇಳಿ ನೋಡೋಣವೇ ಎಂದಾಗ ಮುಖ್ಯಸ್ಥರು ಬೇಡವೆಂದು ತಲೆಯಾಡಿಸಿದರು.

“ಕೇಳೋ ಹಾಗಿಲ್ಲ. ಕಂಪ್ಯೂಟರಿನಲ್ಲಿ ಯಾರು ಯಾವ ಹೆಸರಲ್ಲಿ ಕೆಲಸ ಮಾಡ್ತಾರೆ ಅನ್ನೋದು ಅವರ ದೇಶದ ಗುಟ್ಟು. ನಮ್ಮದು ನಮ್ಮ ಗುಟ್ಟು. ಹಾಗಂತ ಒಪ್ಪಂದ ಆಗಿದೆ.”

ಕೇಳುವ ಹಾಗಿಲ್ಲ, ನಿಜ. ಹೊಗಳಬಾರದು ಎಂದು ಯಾವ ಒಪ್ಪಂದದಲ್ಲೂ ಇರಲಿಲ್ಲ. ಊಟಕ್ಕೆ ಮೊದಲು ಚಹಾದ ಯಂತ್ರದ ಬಳಿ ಮೇಜರ್ ಒಬ್ಬರೇ ಸಿಕ್ಕಾಗ ಹೇಳಿದೆ, “ಆಸ್ಪತ್ರೆ ನೋಡಿಕೊಳ್ತಿರೋ ನಿಮ್ಮವರು ತುಂಬ ಚೆನ್ನಾಗಿ ಕೆಲಸ ಮಾಡ್ತಿದಾರೆ. ನಾವು ಅವರಿಂದ ಕಲೀಬೇಕು.”

ಬಾಯಿಗೆ ಹೋಗುತ್ತಿದ್ದ ಕಪ್ಪು ಅಲ್ಲೇ ನಿಂತಿತು.

“ನಮ್ಮವರಾ?” ಎಂದರು ಮೇಜರ್. “ಬೆಳಗಿನಿಂದ ನಾವು ನಿಮ್ಮನ್ನ ಮೆಚ್ಚಿಕೊಳ್ತಾ ಇದೀವಿ.”

ನನಗೆ ಥಟ್ಟನೆ ನೆನಪಾದದ್ದು ನಮ್ಮ ಕಡೆಯ ಮದುವೆಯ ಪಂಕ್ತಿ. ಯಾರಿಗೂ ಸಂಬಂಧವಿಲ್ಲದ ಒಬ್ಬಾತ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು ಕೂತಿರುತ್ತಾನೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವನು ಎಂದುಕೊಳ್ಳುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವನು ಎನ್ನುತ್ತಾರೆ. ಬೀಗರಿಗೆ ಬೇಜಾರಾದೀತೆಂದು ಯಾರೂ ಕೇಳುವುದಿಲ್ಲ. ಅವನು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ಉಣ್ಣುತ್ತಾನೆ. ಮೇಜರ್‌ಗೆ ಇದನ್ನು ಎರಡು ಮಾತಿನಲ್ಲಿ ಹೇಳಿದೆ.

“ನಮ್ಮೂರಲ್ಲೂ ಹೀಗೇ ಬರ್ತಾರೆ,” ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುಗಳಿಗೆಯೇ ಮುಖ ಗಂಭೀರವಾಯಿತು. “ನಮ್ಮವನ ಹಾಗೆ ಕಾಣೋಕೆ ರಿಪೇರಿ ಮಾಡ್ತಿದಾನೆ. ಅವನೊಬ್ಬನೇ ಬಂದಿರಲ್ಲ.”

ಮುಖ್ಯಸ್ಥರನ್ನು ಕಾರಿಡಾರಿಗೆ ಕರೆದೆವು. ಆ ಒಂದು ಹೆಸರಿನ ಖಾತೆಯನ್ನು ಮುಚ್ಚಿಬಿಡೋಣ ಎಂದರು ಅವರು. ಮುಚ್ಚಿದರೆ ಉಳಿದವರು ಎಚ್ಚೆತ್ತುಕೊಳ್ಳುತ್ತಾರೆ ಎಂದರು ಮೇಜರ್. ಉಳಿದವರನ್ನು ಕಂಡುಹಿಡಿಯಬೇಕಾದರೆ ಎರಡೂ ದೇಶಗಳು ತಮ್ಮ ತಮ್ಮ ಹೆಸರುಗಳನ್ನು ಬಿಚ್ಚಿಡಬೇಕು. ಅದಕ್ಕೆ ಎರಡೂ ರಾಜಧಾನಿಗಳ ಅನುಮತಿ ಬೇಕು. ಬರುವಷ್ಟರಲ್ಲಿ ದ್ವೀಪ ಮುಳುಗಿರುತ್ತದೆ.

“ಹೆಸರು ಹೇಳೋದೇ ಬೇಡ,” ಎಂದೆ. “ಎಲ್ಲರೂ ಒಂದೇ ಸಲ ಕೀಬೋರ್ಡಿನಿಂದ ಕೈ ತೆಗೀಲಿ. ನಮ್ಮವರು, ಅವರು, ಎಲ್ಲರೂ. ಆಗಲೂ ಯಾರ ಕೆಲಸ ನಡೀತಾ ಇರುತ್ತೋ ಅವರು ನಮ್ಮವರಲ್ಲ.”

ಮುಖ್ಯಸ್ಥರು ನನ್ನನ್ನೇ ನೋಡಿದರು. “ಕಾವಲುಗಾರರು ಎಲ್ಲಾ ಒಟ್ಟಿಗೆ ಕೈಬಿಡೋದಾ? ಆಗ ಅವರು ಏನು ಬೇಕಾದರೂ ಮಾಡಬಹುದಲ್ಲ!”

“ಮಾಡಲಿ,” ಎಂದರು ಮೇಜರ್. “ಮಾಡಿದರೇ ಕಾಣೋದು.”

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ತಪ್ಪಿದರೆ ಎರಡೂ ದೇಶಗಳ ಮುಂದೆ ತಲೆ ತಗ್ಗಿಸಬೇಕಾದವರು ಅವರು, ನಾನಲ್ಲ. ಮುಖ್ಯಸ್ಥರು ಒಮ್ಮೆ ಉಸಿರು ಬಿಟ್ಟು, “ಸರಿ,” ಎಂದರು.

ಕಂಪ್ಯೂಟರಿನಲ್ಲಿ ಸಂದೇಶ ಕಳಿಸುವಂತಿರಲಿಲ್ಲ, ಶತ್ರು ಓದಿಬಿಡುತ್ತಿದ್ದ. ಆದ್ದರಿಂದ ಆ ಉದ್ದನೆಯ ಮನುಷ್ಯ ಹಾಲಿನ ನಡುವೆ ಒಂದು ಕುರ್ಚಿಯ ಮೇಲೆ ಹತ್ತಿ ನಿಂತು, ಗಂಟಲೆತ್ತಿ ಕೂಗಿದರು:

“ಎಲ್ಲರೂ ಕೈ ಮೇಲೆ! ಯಾರೂ ಏನೂ ಮುಟ್ಟಬೇಡಿ!”

ಮೇಜರ್ ಅದನ್ನೇ ತಮ್ಮ ಭಾಷೆಯಲ್ಲಿ ಕೂಗಿದರು. ಜನ ಗಲಿಬಿಲಿಗೊಂಡರೂ ಕೈ ಎತ್ತಿದರು. ಸೈನಿಕರು, ಎಂಜಿನಿಯರುಗಳು, ಕಿಟಕಿಯ ಬದಿ, ಗೋಡೆಯ ಬದಿ, ಎಲ್ಲರ ಕೈಗಳೂ ಗಾಳಿಯಲ್ಲಿ. ಕುರ್ಚಿಯ ಮೇಲೆ ನಿಂತ ಮುಖ್ಯಸ್ಥರೂ ತಮ್ಮ ಎರಡೂ ಕೈ ಎತ್ತಿದರು. ಕೀಬೋರ್ಡುಗಳ ಸದ್ದು ನಿಂತು ಹಾಲು ನಿಶ್ಶಬ್ದವಾಯಿತು.

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕೆಲಸ ಮಾಡುತ್ತಿರುವವರ ಹೆಸರುಗಳು ಸದಾ ಹಸಿರಾಗಿ ಮಿನುಗುತ್ತಿರುತ್ತವೆ. ಅವು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು. ಸಾಲು ಸಾಲಾಗಿ ಆರಿದವು. ಕೊನೆಗೆ ಮೂರು ಉಳಿದವು.

ಒಂದು, ಆಸ್ಪತ್ರೆಯ ನಮ್ಮ ಅಚ್ಚುಕಟ್ಟಿನ ಮಿತ್ರ. ಇನ್ನೊಂದು ಬಂದರಿನಲ್ಲಿ. ಮೂರನೆಯದು ಸ್ವತಃ ನಮ್ಮ ಮುಖ್ಯಸ್ಥರ ಹೆಸರು. ಅದು ಆ ಕ್ಷಣದಲ್ಲೇ ವಿದ್ಯುತ್ ಕೇಂದ್ರಕ್ಕೆ ಏನೋ ಆದೇಶ ಬರೆಯುತ್ತಿತ್ತು.

ಮುಖ್ಯಸ್ಥರು ಕೈ ಎತ್ತಿದ ಹಾಗೆಯೇ ಪರದೆಯನ್ನು ನೋಡಿ ಹೇಳಿದರು, “ಅದು ನಾನಲ್ಲ.”

ಮೊದಲು ನಕ್ಕದ್ದು ಕಿಟಕಿಯ ಬದಿಯವರು. ಆಮೇಲೆ ನಮ್ಮವರೂ ನಕ್ಕರು. ಆ ನಗುವಿನಲ್ಲಿ ಏನಾಯಿತೋ, ಯಾರೂ ಹೇಳದೆ ಜನ ಎದ್ದು ನಡುವಿನ ದಾರಿ ದಾಟಿ ಬಂದರು. ಒಂದೊಂದು ಪರದೆಯ ಮುಂದೆ ಅವರ ಕಡೆಯ ಒಬ್ಬರು, ನಮ್ಮ ಕಡೆಯ ಒಬ್ಬರು ಕೂತರು. ನಾನು ಮತ್ತು ಮೇಜರ್ ಆಸ್ಪತ್ರೆಯ ಮುಂದೆ.

ತಕ್ಷಣ ಹೊರಗೆ ಹಾಕಲಿಲ್ಲ. ಆ ಮೂವರು ಒಳಗೆ ಬಂದ ದಾರಿ ಯಾವುದು, ತಪ್ಪಿಸಿಕೊಳ್ಳಲು ಬಿಟ್ಟುಕೊಂಡ ಕಿಂಡಿಗಳು ಯಾವುವು ಎಂದು ಹಿಂಬಾಲಿಸಿ ನೋಡಿದೆವು. ಅವರಿಗೆ ಅನುಮಾನ ಬರದಂತೆ ಮತ್ತೆ ಮಾಮೂಲಿನ ಹಾಗೆ ಕೆಲಸ ನಡೆಸಿದೆವು. ನಾನು ಒಂದು ಕಿಂಡಿ ತೋರಿಸಿದರೆ ಮೇಜರ್ ಇನ್ನೊಂದು ತೋರಿಸುತ್ತಿದ್ದರು. ನಮ್ಮ ಕಡೆ ಗೊತ್ತಿದ್ದ ಅರ್ಧ, ಅವರ ಕಡೆ ಗೊತ್ತಿದ್ದ ಅರ್ಧ ಸೇರಿದಾಗ ಇಡೀ ನಕ್ಷೆ ಕಣ್ಣಮುಂದೆ ಬಂತು. ಎಲ್ಲ ಸಿದ್ಧವಾದ ಮೇಲೆ ಮೇಜರ್ ಎತ್ತಿದ್ದ ಕೈ ಇಳಿಸಿ, “ಈಗ!” ಎಂದರು. ಎಲ್ಲ ಬಾಗಿಲುಗಳೂ ಒಮ್ಮೆಗೇ ಮುಚ್ಚಿ, ಆ ಮೂವರೂ ಹೊರಗಾದರು.

ಬಂದರಿನ ಕ್ರೇನುಗಳು ಮತ್ತೆ ಕೆಲಸ ಶುರುಮಾಡಿದಾಗ ಹಾಲಿನಲ್ಲಿ ಎದ್ದ ಕೂಗು ಕೆಳಗಿನ ಮಹಡಿಗೂ ಕೇಳಿತಂತೆ. ಶತ್ರುಗಳು ಸುಮ್ಮನಿರಲಿಲ್ಲ. ಉಳಿದ ದಿನಗಳಲ್ಲಿ ಇನ್ನೂ ಜೋರಾಗಿ ಬಂದರು. ಒಮ್ಮೆ ಮುಖ್ಯಸ್ಥರ ದನಿಯನ್ನೇ ನಕಲು ಮಾಡಿ, ಅಭ್ಯಾಸಕ್ಕೆಂದೇ ಹಾಲಿನಲ್ಲಿ ಇಟ್ಟಿದ್ದ ಫೋನಿನಲ್ಲಿ ಮೇಜರ್‌ಗೆ ಕರೆ ಮಾಡಿದರು. ಮೇಜರ್ ಫೋನು ಹಿಡಿದೇ ನಮ್ಮ ಬದಿಗೆ ನಡೆದುಬಂದು, ಸ್ಯಾಂಡ್‌ವಿಚ್ ತಿನ್ನುತ್ತಿದ್ದ ನಿಜವಾದ ಮುಖ್ಯಸ್ಥರ ಕಿವಿಗೆ ಅದನ್ನು ಹಿಡಿದರು. ಅವರು ಸ್ವಲ್ಪ ಹೊತ್ತು ಕೇಳಿ, “ನನ್ನ ದನಿ ಇಷ್ಟು ಚೆನ್ನಾಗಿದೆಯಾ?” ಎಂದರು.

ಆಸ್ಪತ್ರೆಯ ದೀಪ ಒಂದು ಸಲವೂ ಆರಲಿಲ್ಲ.

ಕೊನೆಯ ದಿನ ಎಲ್ಲ ಮಿತ್ರರಾಷ್ಟ್ರಗಳ ಫಲಿತಾಂಶ ಬಂತು. ಮೊದಲ ಸ್ಥಾನ ನಮ್ಮ ಜೋಡಿಗೆ. ಶತ್ರುಪಾತ್ರದವರ ನಾಯಕ ದೂರದ ಊರಿನಿಂದ ಪರದೆಯ ಮೇಲೆ ಕಾಣಿಸಿಕೊಂಡು ಚಪ್ಪಾಳೆ ತಟ್ಟಿದ. “ಒಂದೇ ಪ್ರಶ್ನೆ,” ಎಂದ. “ಆ ದಿನ ನಿಮ್ಮಲ್ಲಿ ಎಲ್ಲರೂ ಒಮ್ಮೆಗೇ ಸುಮ್ಮನಾದಿರಿ. ಕರೆಂಟು ಹೋಯಿತು ಅಂದುಕೊಂಡೆವು. ಏನು ಮಾಡ್ತಿದ್ದಿರಿ?”

ಮುಖ್ಯಸ್ಥರು ನನ್ನನ್ನು ಮುಂದೆ ಕರೆದರು. ನೋಡಲು ಬಂದಿದ್ದ ಹಲವು ದೇಶಗಳ ಸೇನಾಧಿಕಾರಿಗಳು ಎದುರಿಗಿದ್ದರು, ಎದೆಯ ತುಂಬ ಪದಕಗಳು. ಮದುವೆಯ ಪಂಕ್ತಿಯಿಂದಲೇ ಶುರುಮಾಡಿದೆ. ನನಗೆ ತಿಳಿದಂತೆ ಆ ಹಾಲಿನಲ್ಲಿ ಹೋಳಿಗೆ ತಿಂದವರು ನಾನೊಬ್ಬಳೇ, ಆದರೂ ಮಾತು ಎಲ್ಲರಿಗೂ ಅರ್ಥವಾಯಿತು. ಮುಗಿಸಿದಾಗ ಮೊದಲು ಎದ್ದು ನಿಂತವರು ಮೇಜರ್. ಆಮೇಲೆ ಕಿಟಕಿಯ ಬದಿ ಯಾವುದು, ಗೋಡೆಯ ಬದಿ ಯಾವುದು ಎಂದು ಗುರುತಿಸಲು ಬಾರದ ಹಾಗೆ ಎಲ್ಲರೂ ಎದ್ದರು. ನನ್ನ ಕಣ್ಣು ತುಂಬಿಬಂದಿತ್ತು. ಒರೆಸಿಕೊಳ್ಳಲಿಲ್ಲ.

ಆ ಉಪಾಯ ಈಗ ಹಲವು ಮಿತ್ರದೇಶಗಳ ಅಭ್ಯಾಸದ ನಿಯಮಗಳಲ್ಲಿ ಸೇರಿದೆ. ಅಭ್ಯಾಸದ ಹೊರಗೆ, ನಿಜವಾದ ಜಾಲವೊಂದರಲ್ಲೂ ಅದನ್ನು ಬಳಸಬೇಕಾಗಿ ಬಂತು. ಎಲ್ಲಿ, ಯಾವಾಗ ಎಂದು ಬರೆಯಲಾರೆ. ಬಂದವರು ಸಿಕ್ಕಿಬಿದ್ದರು ಎಂದಷ್ಟೇ ಹೇಳಬಲ್ಲೆ.

ಮುಂದಿನ ಸಮರಾಭ್ಯಾಸಕ್ಕೆ ಜಂಟಿ ತಂಡದ ಮುಂದಾಳತ್ವವನ್ನು ನನಗೇ ಕೊಟ್ಟರು. ಸಮವಸ್ತ್ರವಿಲ್ಲದವಳು, ಅದೂ ಧಾರವಾಡದಲ್ಲಿ ಹುಟ್ಟಿದವಳು. ಮನೆಯಲ್ಲಿ ಹೇಳಿದಾಗ ಗಂಡ ಎದ್ದು ಕೈ ಕುಲುಕಿದರು, ಮಗಳು ಮೊದಲ ಸಲ ಪೂರ್ತಿ ಕನ್ನಡದಲ್ಲಿ, “ಅಮ್ಮ, ನೀನು ಗ್ರೇಟು!” ಎಂದಳು. ಒಂದು ಪದ ಬಿಟ್ಟರೆ ಪೂರ್ತಿ. ಅತ್ತೆ ಒಳಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿ, “ಎರಡು ದೇಶದವರೂ ನಿನ್ನ ಮಾತು ಕೇಳ್ತಾರೇನವಾ?” ಎಂದು ಕೇಳಿದರು.

“ಕೇಳ್ತಾರ್ರಿ.”

“ಹಂಗಾರ ಛಲೋ ಆತು. ಗೆದ್ದು ಬಾ.”

ಆ ಸಲ ಮೇಜರ್ ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ಆ ಸಲವೂ ಗೆದ್ದೆವು.